ಲದ್ದಿ ಎತ್ತುವವರು ಯಾರು?

ಶಿವಾಜಿನಗರದ ಒಂದು ಓಣಿಯಲ್ಲಿ ಸಂಜೆ ಮದುವೆಯ ಮೆರವಣಿಗೆ ಹೊರಟಿದೆ ಎಂದಿಟ್ಟುಕೊಳ್ಳಿ. ಮುಂದೆ ಬ್ಯಾಂಡಿನವರು, ಎರಡೂ ಬದಿಯಲ್ಲಿ ದೀಪ ಹೊತ್ತವರು, ಹಿಂದೆ ತಳ್ಳುಗಾಡಿಯ ಮೇಲೆ ಗಡಗಡ ಸದ್ದು ಮಾಡುವ ಜನರೇಟರು. ನಡುವೆ ಜರಿಯ ಹೊದಿಕೆ ಹೊದ್ದ ಬಿಳಿ ಕುದುರೆ, ಅದರ ಮೇಲೆ ಸ್ವಲ್ಪ ಹೆದರಿಕೆಯಿಂದಲೇ ಕುಳಿತ ಮದುಮಗ. ಕುದುರೆ ನಡೆಯುತ್ತಲೇ ಬಾಲ ಎತ್ತುತ್ತದೆ. ಹಿಂದಿದ್ದವರು ಸೀರೆಯ ನೆರಿಗೆ, ಪ್ಯಾಂಟಿನ ಅಂಚು ಹಿಡಿದುಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಮಕ್ಕಳು ಕಿಸಕ್ಕನೆ ನಗುತ್ತಾರೆ. ಮೆರವಣಿಗೆ ಮುಂದೆ ಸಾಗುತ್ತದೆ, ಬಿದ್ದದ್ದು ಅಲ್ಲೇ ಉಳಿಯುತ್ತದೆ.

ಮರುದಿನ ಬೆಳಗಿನ ಹೊತ್ತಿಗೆ ಅದು ನಾಲ್ಕಾರು ಆಟೋಗಳ ಚಕ್ರಕ್ಕೆ ಸಿಕ್ಕಿ ಡಾಂಬರಿಗೆ ಅಂಟಿಕೊಂಡಿರುತ್ತದೆ. ಪೊರಕೆ ಹಿಡಿದು ಬರುವ ಪೌರಕಾರ್ಮಿಕ ಮಹಿಳೆ ಅದನ್ನು ಕೆರೆದು ತೆಗೆಯುತ್ತಾರೆ. ಮದುವೆಯ ಖರ್ಚಿನ ಪಟ್ಟಿಯಲ್ಲಿ ಬ್ಯಾಂಡು, ದೀಪ, ಕುದುರೆ ಎಲ್ಲಕ್ಕೂ ಒಂದೊಂದು ಬಾಬತ್ತು ಇರುತ್ತದೆ. ಈ ಕೆಲಸಕ್ಕೆ ಮಾತ್ರ ಇಲ್ಲ.

ಎಲ್ಲರೂ ನಡೆಯುವ ದಾರಿಯಲ್ಲಿ ಕುದುರೆ ಹಾಕಿದ್ದನ್ನು ಕುದುರೆಯವನೇ ಎತ್ತಬೇಕೆ? ಕೇಳಲು ಚಿಕ್ಕ ಪ್ರಶ್ನೆ. ಆದರೆ ಇದರೊಳಗೆ ಸ್ವಲ್ಪ ಚರಿತ್ರೆ ಇದೆ, ಸ್ವಲ್ಪ ಜೀವಶಾಸ್ತ್ರ ಇದೆ, ಒಂದಿಷ್ಟು ನ್ಯಾಯ–ಅನ್ಯಾಯದ ಮಾತೂ ಇದೆ.

ಕನ್ನಡಿಗರು ಈ ವಿಷಯದಲ್ಲಿ ಮೊದಲಿನಿಂದಲೂ ಸೂಕ್ಷ್ಮಮತಿಗಳು. ಹಸು–ಎಮ್ಮೆ ಹಾಕಿದರೆ ಸಗಣಿ, ಆಡು–ಕುರಿ ಹಾಕಿದರೆ ಹಿಕ್ಕೆ, ಕುದುರೆ–ಆನೆ ಹಾಕಿದರೆ ಲದ್ದಿ. ಉಪಯೋಗವಿದ್ದ ವಸ್ತುವಿಗೇ ಜನ ಹೀಗೆ ಬೇರೆ ಬೇರೆ ಹೆಸರಿಡುವುದು. ಸಗಣಿಯಿಂದ ನೆಲ ಸಾರಿಸುತ್ತಿದ್ದರು, ಬೆರಣಿ ತಟ್ಟುತ್ತಿದ್ದರು. ಹಿಕ್ಕೆಗಾಗಿ ರೈತ ಕುರಿಮಂದೆಯನ್ನು ಕರೆಸಿ ರಾತ್ರಿ ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ಲದ್ದಿಯೂ ಗೊಬ್ಬರವಾಗಿ ಬೆಲೆಯುಳ್ಳದ್ದೇ ಆಗಿತ್ತು.

ದಂಡಿನ ಕುದುರೆಗಳು

ಬೆಂಗಳೂರಿನ ಪೂರ್ವಭಾಗ ಕುದುರೆಯ ಕಾಲಿನ ಮೇಲೆ ಬೆಳೆದ ಊರು. 1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ಹಲಸೂರಿನ ಪಕ್ಕದಲ್ಲಿ ದಂಡು ಕಟ್ಟಿದರು. ಇಂದಿನ ಕಾಮರಾಜ್ ರಸ್ತೆಗೆ ಆಗ ಕ್ಯಾವಲ್ರಿ ರಸ್ತೆ ಎಂದೇ ಹೆಸರು; ಕ್ಯಾವಲ್ರಿ ಎಂದರೆ ಅಶ್ವದಳ. 1896ರಲ್ಲಿ ನಾಲ್ಕನೇ ಹುಸ್ಸಾರ್ಸ್ ದಳದ ಜೊತೆ ಇಲ್ಲಿಗೆ ಬಂದ ತರುಣ ವಿನ್‌ಸ್ಟನ್ ಚರ್ಚಿಲ್‌ಗೆ ಓದಿನಷ್ಟೇ ಪೋಲೋ ಆಟದ ಹುಚ್ಚೂ ಇತ್ತು. ದೊರೆಗಳಿಗೆ ಸಾರೋಟು, ಉಳಿದವರಿಗೆ ಜಟಕಾ. ದಂಡಿನ ರೈಲು ನಿಲ್ದಾಣದಲ್ಲಿ ಇಳಿದವರು ಗಂಟು ಮೂಟೆಗಳೊಡನೆ ಜಟಕಾ ಹತ್ತಿ ಬ್ಲ್ಯಾಕ್‌ಪಲ್ಲಿಗೋ ಹಲಸೂರಿಗೋ ಹೋಗುತ್ತಿದ್ದ ಕಾಲವನ್ನು ನೆನೆಯುವ ಅಜ್ಜಂದಿರು ಇನ್ನೂ ಇದ್ದಾರೆ. (ಬ್ಲ್ಯಾಕ್‌ಪಲ್ಲಿ ಎಂದರೆ ಇಂದಿನ ಶಿವಾಜಿನಗರ.)

ಅಷ್ಟು ಕುದುರೆಗಳಿದ್ದ ಊರಿನಲ್ಲಿ ಲದ್ದಿ ಎಷ್ಟು ಬಿದ್ದಿರಬೇಕು! ಲೆಕ್ಕ ಹಾಕುವುದು ಕಷ್ಟವಲ್ಲ. ನಾಲ್ಕೂವರೆ ಕ್ವಿಂಟಾಲ್ ತೂಗುವ ಒಂದು ಕುದುರೆ ದಿನಕ್ಕೆ ಸುಮಾರು 20 ಕಿಲೋ ಲದ್ದಿ ಹಾಕುತ್ತದೆ. ನೂರು ಕುದುರೆಗಳ ಒಂದು ಲಾಯದಿಂದ ದಿನವೂ ಎರಡು ಟನ್. ಆದರೆ ಆಗ ದಂಡಿನ ಬಂಗಲೆಗಳ ಸುತ್ತ ಗುಲಾಬಿಯ ಮಡಿಗಳಿದ್ದವು, ಊರಿನ ಅಂಚಿನಲ್ಲೇ ತರಕಾರಿ ತೋಟಗಳಿದ್ದವು. ಗೊಬ್ಬರ ಬೇಕಾದವರು ಕೂಗಳತೆಯಲ್ಲೇ ಇದ್ದರು. ಬೇಕಾದವರಿದ್ದಾಗ ಯಾವುದೂ ಕಸವಲ್ಲ. 'ಯಾರು ಎತ್ತಬೇಕು' ಎಂಬ ಜಗಳಕ್ಕಿಂತ 'ಯಾರಿಗೆ ಸಿಗಬೇಕು' ಎಂಬ ಜಗಳವೇ ಹೆಚ್ಚು ಸಹಜ.

ಎಲ್ಲ ಊರುಗಳಿಗೂ ಈ ಭಾಗ್ಯವಿರಲಿಲ್ಲ. 1900ರ ಸುಮಾರಿಗೆ ನ್ಯೂಯಾರ್ಕ್ ನಗರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಕುದುರೆಗಳಿದ್ದು, ದಿನಕ್ಕೆ ಹತ್ತು ಲಕ್ಷ ಕಿಲೋಗೂ ಮೀರಿ ಲದ್ದಿ ಬೀಳುತ್ತಿತ್ತು. ತೋಟಗಳು ದೂರ ಸರಿದಂತೆ ಖಾಲಿ ನಿವೇಶನಗಳಲ್ಲಿ ರಾಶಿ ಬೆಳೆಯಿತು, ನೊಣಗಳ ಸಂತೆ ನೆರೆಯಿತು. 1895ರಲ್ಲಿ ಅಲ್ಲಿನ ಬೀದಿ ಸ್ವಚ್ಛತೆಯ ಹೊಣೆ ಹೊತ್ತ ಜಾರ್ಜ್ ವೇರಿಂಗ್ ಎಂಬಾತ ಕಸ ಗುಡಿಸುವವರಿಗೆ ಅಚ್ಚ ಬಿಳಿಯ ಸಮವಸ್ತ್ರ ತೊಡಿಸಿದ. ಅವರು ಮಾಡುವುದು ವೈದ್ಯರಷ್ಟೇ ಮಾನದ ಕೆಲಸ ಎಂದು ಊರಿಗೆ ಗೊತ್ತಾಗಲಿ ಎಂದು. ಮುಂದೆ ಮೋಟಾರು ಕಾರು ಬಂದಾಗ ಜನ ಅದನ್ನು 'ಗಲೀಜು ಮಾಡದ ವಾಹನ' ಎಂದು ಸ್ವಾಗತಿಸಿದರು. ಕೆ.ಆರ್. ಪುರದ ತೂಗುಸೇತುವೆಯ ಬಳಿ ಸಂಜೆ ಸಿಕ್ಕಿಹಾಕಿಕೊಂಡು ಹೊಗೆ ಕುಡಿಯುವವರಿಗೆ ಈ ಮಾತು ತಮಾಷೆಯಾಗಿ ಕಾಣಬಹುದು.

'ಬರೀ ಹುಲ್ಲು ತಾನೆ?'

ಕುದುರೆ ಸಾಕಿದವರನ್ನು ಕೇಳಿದರೆ ಬರುವ ಮೊದಲ ಉತ್ತರ ಇದು: "ಅದು ತಿನ್ನುವುದು ಹುಲ್ಲು, ಹಾಕುವುದೂ ಹುಲ್ಲೇ. ಒಣಗಿ ಗಾಳಿಗೆ ಹೋಗುತ್ತದೆ ಬಿಡಿ." ಇದರಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳಬೇಕು.

ಹಸುವಿಗೆ ನಾಲ್ಕು ಕೋಣೆಗಳ ಜಠರವಿದೆ. ಅದು ಮೆಲುಕು ಹಾಕಿ, ಮೇವನ್ನು ನುಣ್ಣಗೆ ಅರೆದು ಜೀರ್ಣಿಸುತ್ತದೆ. ಕುದುರೆಗೆ ಜಠರ ಒಂದೇ, ಮೆಲುಕಿಲ್ಲ. ನಾರನ್ನು ಒಡೆಯುವ ಸೂಕ್ಷ್ಮಜೀವಿಗಳು ಅದರ ಹೊಟ್ಟೆಯ ಹಿಂಭಾಗದಲ್ಲಿ, ಅಂಧನಾಳ ಮತ್ತು ದೊಡ್ಡ ಕರುಳಿನಲ್ಲಿ ವಾಸಿಸುತ್ತವೆ. ಆದ್ದರಿಂದ ಸಗಣಿ ಮುದ್ದೆಯಂತೆ ಇದ್ದರೆ, ಲದ್ದಿ ಒರಟು ನಾರಿನ ಉಂಡೆಗಳಂತೆ ಇರುತ್ತದೆ. ಜೀರ್ಣವಾಗದ ಕಾಳುಗಳೂ ಅದರಲ್ಲಿ ಉಳಿದಿರುತ್ತವೆ. ಜಟಕಾ ನಿಲ್ಲುತ್ತಿದ್ದ ಜಾಗದಲ್ಲಿ ಗುಬ್ಬಚ್ಚಿಗಳು ಮುತ್ತುತ್ತಿದ್ದದ್ದು ಈ ಕಾಳಿಗಾಗಿ, ಮೇವಿನ ಚೀಲದಿಂದ ಉದುರಿದ ಹುರುಳಿಗಾಗಿ. ಕುದುರೆಗಾಡಿ ಮಾಯವಾದದ್ದೂ ಪಟ್ಟಣಗಳಲ್ಲಿ ಗುಬ್ಬಿ ಕಡಿಮೆಯಾಗಲು ಒಂದು ಕಾರಣ ಎಂದು ಅಮೆರಿಕದ ಪಕ್ಷಿತಜ್ಞರು 1920ರ ದಶಕದಲ್ಲೇ ಹೇಳಿದ್ದರು.

ನಾಯಿಯ ಮಲದೊಡನೆ ಹೋಲಿಸಿದರೆ ಲದ್ದಿ ಸಾಧುವೇ. ನಾಯಿ ಮಾಂಸಾಹಾರಿ, ಅದರ ಹೊಟ್ಟೆಯ ದುಂಡುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿದ್ದು, ಆಟವಾಡುವ ಮಗುವಿನ ಬೆರಳಿನ ಮೂಲಕ ಹೊಟ್ಟೆ ಸೇರಬಹುದು. ಕುದುರೆಯ ಸಾಮಾನ್ಯ ಕರುಳುಹುಳುಗಳು ಮನುಷ್ಯನಲ್ಲಿ ಬೆಳೆಯುವುದಿಲ್ಲ.

ಇನ್ನರ್ಧ ಹೀಗಿದೆ. ಮನೆನೊಣಕ್ಕೆ ತಾಜಾ ಲದ್ದಿಗಿಂತ ಒಳ್ಳೆಯ ಹೆರಿಗೆಮನೆ ಇಲ್ಲ. ಬೆಚ್ಚನೆಯ ದಿನಗಳಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಅದಕ್ಕೆ ಏಳರಿಂದ ಹತ್ತು ದಿನ ಸಾಕು. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಗಳು ಕುದುರೆಯ ಕರುಳಿನಲ್ಲಿದ್ದು ಲದ್ದಿಯೊಡನೆ ಮಣ್ಣು ಸೇರುತ್ತವೆ. ರಸ್ತೆಯಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ ಅಮ್ಮ ಟಿ.ಟಿ. ಚುಚ್ಚುಮದ್ದು ಹಾಕಿಸುವುದು ಸುಮ್ಮನೆ ಅಲ್ಲ. (ಅದೇ ಧನುರ್ವಾಯುವಿಗೆ ದಶಕಗಳ ಕಾಲ ಸೀರಂ ತಯಾರಾಗುತ್ತಿದ್ದದ್ದೂ ಕುದುರೆಯ ರಕ್ತದಿಂದಲೇ, ಕುದುರೆಯ ಮೇಲೆ ಸಿಟ್ಟು ಮಾಡಿಕೊಳ್ಳುವ ಮುನ್ನ ಇದೂ ನೆನಪಿರಲಿ.) ಮಳೆ ಬಿದ್ದರೆ ಲದ್ದಿಯ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ. ಗಾಲಿಕುರ್ಚಿಯಲ್ಲಿ ಓಡಾಡುವವರ ಕಷ್ಟವನ್ನಂತೂ ಯಾರೂ ಯೋಚಿಸಿರುವುದಿಲ್ಲ: ಚಕ್ರಕ್ಕೆ ಮೆತ್ತಿಕೊಂಡದ್ದು ಅರೆಕ್ಷಣದಲ್ಲಿ ಅವರ ಅಂಗೈಗೆ ಬರುತ್ತದೆ.

ಗುಡಿಸದೆ ಉಳಿದದ್ದು ಮಳೆಯಲ್ಲಿ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ. ಗೊಬ್ಬರ ತೋಟದಲ್ಲಿ ಸತ್ವ. ನೀರಿನಲ್ಲಿ ಪಾಚಿಯ ಊಟ. ಪಾಚಿ ಕೊಬ್ಬಿ, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕ ತೀರಿಹೋಗುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದ್ದನ್ನು ಆ ಭಾಗದವರು ಮರೆತಿಲ್ಲ. ಆ ಪಾಪವನ್ನು ಕುದುರೆಯ ತಲೆಗೆ ಕಟ್ಟುವುದು ಅನ್ಯಾಯ. ಕೆರೆಗೆ ಸೇರುವ ಮನುಷ್ಯರ ಕೊಳಚೆಯ ಮುಂದೆ ಲದ್ದಿ ಲೆಕ್ಕಕ್ಕೇ ಇಲ್ಲ. ಆದರೆ 'ಗಾಳಿಗೆ ಹೋಗುತ್ತದೆ' ಎಂದು ಹೇಳುವವರು ಅದು ಎಲ್ಲಿಗೆ ಹೋಗುತ್ತದೆ ಎಂದೂ ನೋಡಬೇಕಲ್ಲ.

ನಾಯಿಗೊಂದು, ಕುದುರೆಗೊಂದು

2022ರಲ್ಲಿ ಕಬ್ಬನ್ ಪಾರ್ಕಿಗೆ ಸಾಕುನಾಯಿಗಳನ್ನು ತರುವುದನ್ನೇ ನಿಷೇಧಿಸುವ ಪ್ರಸ್ತಾಪ ತೋಟಗಾರಿಕೆ ಇಲಾಖೆಯಿಂದ ಬಂದಿತ್ತು. ಮಾಲೀಕರು ಮಲ ಎತ್ತುವುದಿಲ್ಲ, ಹಗ್ಗ ಬಿಚ್ಚಿ ಬಿಡುತ್ತಾರೆ ಎಂಬುದು ದೂರು. ಶ್ವಾನಪ್ರಿಯರಿಂದ ವಿರೋಧ ಬಂತು. ನಾಯಿಗಳಿಗೆ ಪಾರ್ಕಿನ ಬಾಗಿಲು ಮುಚ್ಚಲಿಲ್ಲ. ಆದರೆ ಆ ಗದ್ದಲದಿಂದ ಒಂದು ಉಪಕಾರವಾಯಿತು: ನಾಯಿಯ ಜೊತೆ ಚೀಲವನ್ನೂ ತರಬೇಕು ಎಂಬ ಮಾತು ನಾಲ್ಕು ಜನರ ಬಾಯಿಗೆ ಬಂತು. ಸಾಕುಪ್ರಾಣಿ ಬೀದಿಯಲ್ಲಿ ಮಾಡಿದ ಗಲೀಜನ್ನು ಮಾಲೀಕನೇ ಕೂಡಲೆ ತೆಗೆಯಬೇಕು ಎಂದು ಅಂದಿನ ಬಿ.ಬಿ.ಎಂ.ಪಿ.ಯ 2020ರ ಘನತ್ಯಾಜ್ಯ ಉಪವಿಧಿಗಳೂ ಹೇಳಿದ್ದವು. ಇಂದಿರಾನಗರದ ಉದ್ಯಾನಗಳ ಸುತ್ತ ಬೆಳಗ್ಗೆ ಚೀಲ ಹಿಡಿದು ನಾಯಿಯ ಹಿಂದೆ ನಡೆಯುವವರು ಈಗ ಅಪರೂಪವೇನಲ್ಲ.

ನಾಯಿಯವರು ಬಗ್ಗಬೇಕು, ಕುದುರೆಯವರು ಬೇಡವೆ? ಬ್ರಿಟನ್ನಿನಲ್ಲೂ ಇದೇ ವಾದ. ಅಲ್ಲಿ 1996ರಲ್ಲಿ ಬಂದ ಕಾಯ್ದೆ ನಾಯಿಗಳ ಮಾತನ್ನಷ್ಟೇ ಆಡಿತು, ಕುದುರೆಯ ಸುದ್ದಿಗೆ ಹೋಗಲಿಲ್ಲ. ಸವಾರರು ಹೇಳುವ ಕಾರಣಗಳೂ ತೆಗೆದುಹಾಕುವಂಥವಲ್ಲ. ನಾಯಿ ನಿಂತು, ಕುಳಿತು ಹಾಕುತ್ತದೆ. ಕುದುರೆ ನಡೆಯುತ್ತಲೇ ಹಾಕುತ್ತದೆ, ಮೇಲೆ ಕುಳಿತವನಿಗೆ ಎಷ್ಟೋ ಬಾರಿ ಗೊತ್ತೇ ಆಗುವುದಿಲ್ಲ. ಗೊತ್ತಾದರೂ, ಬಸ್ಸು ಲಾರಿಗಳ ನಡುವೆ ಕುದುರೆಯಿಂದ ಇಳಿದು, ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಸಲಿಕೆ ಹಿಡಿಯುವುದು ಅಪಾಯದ ಕೆಲಸ. ಬೆದರಿದ ಕುದುರೆ ಲದ್ದಿಗಿಂತ ದೊಡ್ಡ ಅನಾಹುತ ಮಾಡೀತು.

ಇಳಿಯದೆಯೇ ಕೆಲಸ ಮುಗಿಸುವ ಉಪಾಯವನ್ನು ಕೆಲವು ಊರುಗಳು ಕಂಡುಕೊಂಡಿವೆ. ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಪ್ರವಾಸಿಗರ ಸಾರೋಟಿನ ಕುದುರೆಗಳಿಗೆ 1975ರಲ್ಲೇ ಲದ್ದಿಚೀಲ ಕಡ್ಡಾಯವಾಯಿತು. ವಿಯೆನ್ನಾ ನಗರದ ಸಾರೋಟುಗಳಿಗೆ 2004ರಲ್ಲಿ ಇದೇ ನಿಯಮ ಬಂತು. ಕುದುರೆಯ ಹಿಂಭಾಗಕ್ಕೂ ಗಾಡಿಯ ಮೂಕಿಗೂ ನಡುವೆ ತೊಟ್ಟಿಲಿನಂತೆ ಕಟ್ಟಿದ ದಪ್ಪ ಬಟ್ಟೆಯ ಜೋಳಿಗೆ ಅದು, ಅಷ್ಟೆ. ಇದಕ್ಕೆ ವಿಜ್ಞಾನಿಗಳು ಬೇಕಿಲ್ಲ. ಗೋಣಿ ಹೊಲಿಯಲು ಬಲ್ಲವರು ಸಾಕು. ಕುದುರೆಗೆ ಅಭ್ಯಾಸವಾಗಲು ಕೆಲವು ದಿನ ಬೇಕು, ಚೀಲವನ್ನು ಆಗಾಗ ಖಾಲಿ ಮಾಡಬೇಕು, ಉಜ್ಜಿ ಚರ್ಮ ಗಾಯವಾಗದಂತೆ ನೋಡಿಕೊಳ್ಳಬೇಕು.

ನಮ್ಮಲ್ಲಿ ಕಷ್ಟ ಇನ್ನೊಂದು ಕಡೆ ಇದೆ. ಶಿವಾಜಿನಗರ, ದೇವರಜೀವನಹಳ್ಳಿ ಕಡೆ ಕುದುರೆ ಸಾಕಿದವರು ಸಿರಿವಂತರಲ್ಲ. ಮದುವೆಯ ತಿಂಗಳುಗಳಲ್ಲಿ ದುಡಿದದ್ದರಲ್ಲಿ ವರ್ಷವಿಡೀ ಮೇವು ಹಾಕಬೇಕು. 2023ರ ಜುಲೈಯಲ್ಲಿ ದೇವರಜೀವನಹಳ್ಳಿಯಲ್ಲಿ ಕುದುರೆಗೆ ಗ್ಲ್ಯಾಂಡರ್ಸ್ ರೋಗ ಇರುವುದು ಪತ್ತೆಯಾಗಿ, ಸುತ್ತಲ ಪ್ರದೇಶದಲ್ಲಿ ಕುದುರೆಗಳ ಓಡಾಟಕ್ಕೆ ನಿರ್ಬಂಧ ಬಿತ್ತು. ಅದು ಮುಖ್ಯವಾಗಿ ಮೂಗಿನ ಸ್ರಾವ, ಕಲುಷಿತ ನೀರು–ಮೇವುಗಳಿಂದ ಹರಡುವ ರೋಗ. ಆದರೂ ಇಂಥ ಸುದ್ದಿ ಬಂದಾಗಲೆಲ್ಲ ಜನರ ಕಣ್ಣು ಬೀದಿಯಲ್ಲಿ ಬಿದ್ದ ಲದ್ದಿಯ ಮೇಲೇ ಬೀಳುತ್ತದೆ, ಕುದುರೆಯವನ ಮೇಲೂ ಬೀಳುತ್ತದೆ. ಬೀದಿ ಚೊಕ್ಕಟವಾಗಿದ್ದರೆ ಅವನ ಹೊಟ್ಟೆಪಾಡಿಗೂ ಅದೊಂದು ರಕ್ಷಣೆ.

'ಬೀದಿಯಲ್ಲಿ ಹಸುಗಳೂ ಓಡಾಡುತ್ತವೆ, ಅವುಗಳನ್ನು ಯಾರು ಕೇಳುತ್ತಾರೆ?' ಎಂಬ ಪ್ರಶ್ನೆಯೂ ಬರುತ್ತದೆ. ಕೆ.ಆರ್. ಪುರದ ಸುತ್ತಲಿನ ಹಳ್ಳಿಗಳು ಬಡಾವಣೆಗಳಾದ ಮೇಲೆ ಅಲ್ಲಿನ ಹಸುಗಳಿಗೆ ಹುಲ್ಲುಗಾವಲೂ ಉಳಿಯಲಿಲ್ಲ, ಸಗಣಿಗೆ ಮಣ್ಣಿನ ಅಂಗಳವೂ ಉಳಿಯಲಿಲ್ಲ. ಗ್ರಾನೈಟ್ ನೆಲವನ್ನು ಯಾರು ಸಾರಿಸುತ್ತಾರೆ? ಹಾಲು ಕರೆದುಕೊಂಡು ಹಸುವನ್ನು ಬೀದಿಗೆ ಬಿಡುವವನಿಗೂ ಇದೇ ಮಾತು ಹೇಳಬೇಕು. ಒಬ್ಬ ಎತ್ತುವುದಿಲ್ಲ ಎಂಬುದು ಇನ್ನೊಬ್ಬ ಎತ್ತದಿರಲು ಸಮರ್ಥನೆಯಾಗದು.

'ಅದಕ್ಕೇ ತಾನೆ ಪೌರಕಾರ್ಮಿಕರು ಇರುವುದು' ಎಂಬುದು ಕೊನೆಯ ಉತ್ತರ, ಎಲ್ಲಕ್ಕಿಂತ ಕೆಟ್ಟ ಉತ್ತರ. ಊರು ಗುಡಿಸುವವರು ತಮ್ಮ ಕೆಲಸ ಕಾಯಂ ಆಗಲಿ ಎಂದು 2022ರ ಜುಲೈಯಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಬೇಕಾಯಿತು. ಮರದಿಂದ ಉದುರಿದ ಎಲೆ, ಗಾಳಿ ತಂದ ದೂಳು ಅವರ ಕೆಲಸ. ಲಗಾಮು ಒಬ್ಬರ ಕೈಯಲ್ಲಿರುವಾಗ ಬಿದ್ದದ್ದು ಹಾಗಲ್ಲ, ಅದಕ್ಕೆ ಒಡೆಯನಿದ್ದಾನೆ. ಸವಾರ ಇಳಿಯಲಾರ ಎಂದರೆ ಜೋಳಿಗೆ ಕಟ್ಟಲಿ, ಇಲ್ಲವೆ ಹಿಂದೆ ಒಬ್ಬ ಆಳನ್ನು ಕಳಿಸಲಿ. ಕುದುರೆಯನ್ನು ಬಾಡಿಗೆಗೆ ಕರೆಸಿದವರು ಆ ಆಳಿನ ಕೂಲಿಯನ್ನೂ ಬಾಡಿಗೆಯ ಜೊತೆಗೇ ಕೊಡಬೇಕು. ಎಲ್ಲವನ್ನೂ ಕುದುರೆಯವನ ಹೆಗಲಿಗೆ ಹಾಕುವುದು ಸರಿಯಲ್ಲ.

ಎಷ್ಟು ದೊಡ್ಡ ಕೆಲಸ ಇದು? ದಿನಕ್ಕೆ 20 ಕಿಲೋ ಎಂದರೆ ಎರಡೂವರೆ ಗಂಟೆಯ ಮೆರವಣಿಗೆಗೆ ಸರಾಸರಿ ಎರಡು ಕಿಲೋ ಚಿಲ್ಲರೆ. ಜನರೇಟರಿನ ತಳ್ಳುಗಾಡಿಯ ಮೂಲೆಯಲ್ಲಿ ಒಂದು ಮೊರ, ಒಂದು ಗಿಡ್ಡ ಪೊರಕೆ, ಒಂದು ಸಿಮೆಂಟು ಚೀಲ ಇಡಲು ಜಾಗವಿದ್ದೇ ಇದೆ. ತಂದದ್ದನ್ನು ಒಣ ಎಲೆಗಳ ಜೊತೆ ಬೆರೆಸಿ, ಹಿಂಡಿದರೆ ಕೈ ಒದ್ದೆಯಾಗುವಷ್ಟು ನೀರು ಚಿಮುಕಿಸಿ ರಾಶಿ ಹಾಕಬೇಕು. ರಾಶಿ ಸೊಂಟದೆತ್ತರಕ್ಕೆ ಬಂದರೆ ಒಳಗಿನ ಶಾಖ 55–60 ಡಿಗ್ರಿ ಸೆಲ್ಸಿಯಸ್‌ಗೆ ಏರಿ, ನೊಣದ ಮರಿಗಳೂ ಕಳೆಬೀಜಗಳೂ ಸಾಯುತ್ತವೆ. ವಾರಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ವಾಸನೆ ಹೋಗಿ, ಕಾಫಿಪುಡಿಯ ಬಣ್ಣದ ಗೊಬ್ಬರ ಕೈಗೆ ಬರುತ್ತದೆ. ಶಾಲೆಯ ಹಿತ್ತಲಲ್ಲಿ ಇಂಥ ರಾಶಿಯೊಂದಿದ್ದರೆ, ಮಕ್ಕಳು ಅದರೊಳಗೆ ಉಷ್ಣಮಾಪಕ ತೂರಿಸಿ ದಿನವೂ ಪಾದರಸ ಏರುವುದನ್ನು ಬರೆದಿಟ್ಟುಕೊಳ್ಳಬಹುದು. ಐದಾರು ದಿನಗಳಲ್ಲೇ ಅಂಕಿ ನೋಡಿ ಅವರಿಗೆ ಆಶ್ಚರ್ಯವಾಗುತ್ತದೆ.