ಬಲ, ಶಕ್ತಿ, ಸಾಮರ್ಥ್ಯ: ಪಾರಿಭಾಷಿಕ ಪದಗಳ ನಂಟು

ಒಂದು ಭಾಷೆಯ ಪದಕ್ಕೆ ಇನ್ನೊಂದು ಭಾಷೆಯಲ್ಲಿ ಸಮಾನ ಪದವನ್ನು ಹುಡುಕುವುದು ನಿಘಂಟನ್ನು ತೆರೆದೊಡನೆ ಮುಗಿಯುವ ಕೆಲಸವೆಂದು ಅನೇಕರು ಭಾವಿಸುತ್ತಾರೆ. ದಿನಬಳಕೆಯ ಮಾತಿಗೆ ಇದು ಸಾಲಬಹುದು. ಆದರೆ ವಿಜ್ಞಾನದ ಪದಗಳು ಒಂಟಿಯಾಗಿ ಬಾಳುವುದಿಲ್ಲ. ಒಂದರ ಅರ್ಥದ ಎಲ್ಲೆ ಎಲ್ಲಿ ಮುಗಿಯುವುದೋ ಅಲ್ಲಿಂದಲೇ ನೆರೆಯ ಪದದ ಎಲ್ಲೆ ಆರಂಭವಾಗುವುದು. ಆದುದರಿಂದ ಅವನ್ನು ಅನುವಾದಿಸುವಾಗ ಇಡೀ ಕುಟುಂಬವನ್ನೇ ಒಟ್ಟಾಗಿ ಕರೆತರಬೇಕಾಗುತ್ತದೆ.

ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಂದ ಮೈಸೂರಿನ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಿಗೆ ಇದು ಕೇವಲ ಭಾಷೆಯ ಪ್ರಶ್ನೆಯಲ್ಲ. ಇಂಗ್ಲಿಷಿನ ಫೋರ್ಸ್, ಎನರ್ಜಿ, ಪವರ್ ಎಂಬ ಮೂರು ಪದಗಳನ್ನು ತೆಗೆದುಕೊಳ್ಳೋಣ. ಸಾಮಾನ್ಯ ಮಾತಿನಲ್ಲಿ ಮೂರಕ್ಕೂ ನಾವು 'ಶಕ್ತಿ' ಎಂದುಬಿಡುತ್ತೇವೆ. ಭೌತವಿಜ್ಞಾನದಲ್ಲಿ ಹಾಗೆ ಮಾಡಿದರೆ ಲೆಕ್ಕವೇ ತಪ್ಪಿಹೋಗುವುದು. ಅದಕ್ಕಾಗಿಯೇ ನಮ್ಮ ಪಠ್ಯಪುಸ್ತಕಗಳು ಇವಕ್ಕೆ ಕ್ರಮವಾಗಿ ಬಲ, ಶಕ್ತಿ, ಸಾಮರ್ಥ್ಯ ಎಂಬ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿವೆ.

ಇವುಗಳ ಭೇದವನ್ನು ಚಾಮುಂಡಿ ಬೆಟ್ಟದ ಮೆಟ್ಟಿಲುಗಳ ಮೇಲೆಯೇ ಕಾಣಬಹುದು. ಐವತ್ತು ಕಿಲೋಗ್ರಾಂ ದ್ರವ್ಯರಾಶಿಯುಳ್ಳ ವಿದ್ಯಾರ್ಥಿಯೊಬ್ಬನು ಮೆಟ್ಟಿಲೇರಿ 200 ಮೀಟರ್ ಎತ್ತರಕ್ಕೆ ಹೋದನೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಭೂಮಿಯು ಅವನನ್ನು ಕೆಳಕ್ಕೆ ಸೆಳೆಯುವ ಬಲ ಸುಮಾರು 490 ನ್ಯೂಟನ್. ಅದಕ್ಕೆ ಎದುರಾಗಿ ಅವನು ಮಾಡಿದ ಕೆಲಸ 98,000 ಜೌಲ್. ಅಷ್ಟು ಶಕ್ತಿಯನ್ನು ಅವನು ವ್ಯಯಿಸಲೇಬೇಕು. ಅರ್ಧ ಗಂಟೆಯಲ್ಲಿ ಏರಿದರೆ ಈ ಕೆಲಸದಲ್ಲಿ ಅವನ ಸಾಮರ್ಥ್ಯ ಸುಮಾರು 54 ವ್ಯಾಟ್. ಒಂದು ಗಂಟೆ ತೆಗೆದುಕೊಂಡರೆ ಸುಮಾರು 27 ವ್ಯಾಟ್. ಬಲವೂ ಬದಲಾಗಲಿಲ್ಲ, ಕೆಲಸವೂ ಬದಲಾಗಲಿಲ್ಲ; ಸಾಮರ್ಥ್ಯ ಮಾತ್ರ ಅರ್ಧವಾಯಿತು. ಮೂರಕ್ಕೂ ಒಂದೇ ಹೆಸರಿದ್ದಿದ್ದರೆ ಈ ಸರಳ ಸಂಗತಿಯನ್ನು ಹೇಳುವುದು ಹೇಗೆ?

ಆದರೂ ಹಳೆಯ ರೂಢಿ ಸುಲಭವಾಗಿ ಅಳಿಯುವುದಿಲ್ಲ. ಮೋಟಾರಿನ 'ಅಶ್ವಶಕ್ತಿ' ಎಂಬುದು ಹೆಸರಿಗೆ ಶಕ್ತಿಯಾದರೂ ವಾಸ್ತವವಾಗಿ ಸಾಮರ್ಥ್ಯದ ಅಳತೆ. ಒಂದು ಅಶ್ವಶಕ್ತಿಗೆ ಸುಮಾರು 746 ವ್ಯಾಟ್. ದೀಪದ ಮೇಲೆ ಬರೆದಿರುವ ವ್ಯಾಟ್ ಸಾಮರ್ಥ್ಯವನ್ನೂ, ವಿದ್ಯುತ್ ಬಿಲ್ಲಿನ ಯೂನಿಟ್ ಶಕ್ತಿಯನ್ನೂ ತಿಳಿಸುತ್ತದೆಂಬುದು ಎಷ್ಟೋ ಮನೆಗಳಲ್ಲಿ ತಿಳಿಯದ ವಿಷಯ.

ಈ ತೊಡಕು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1847ರಲ್ಲಿ ಶಕ್ತಿಯ ಸಂರಕ್ಷಣೆಯನ್ನು ಕುರಿತು ಬರೆದ ಪ್ರಸಿದ್ಧ ಪ್ರಬಂಧದ ಶೀರ್ಷಿಕೆಯಲ್ಲಿ ಬಳಸಿದುದು 'ಬಲ' ಎಂಬರ್ಥದ ಜರ್ಮನ್ ಪದವನ್ನೇ. ಫ್ರೆಂಚರಿಗೆ ಬೇರೊಂದು ಕೊರತೆ. ಇಂಗ್ಲಿಷಿನ ಸ್ಪೀಡ್, ವೆಲಾಸಿಟಿ ಎರಡಕ್ಕೂ ಅವರ ಬಳಿ ಇರುವುದು 'ವಿತೆಸ್' ಎಂಬ ಒಂದೇ ಪದ; ದಿಕ್ಕನ್ನೂ ಸೂಚಿಸಬೇಕಾದಾಗ ಅದಕ್ಕೆ 'ಸದಿಶ' ಎಂಬರ್ಥದ ಪದವನ್ನು ಜೋಡಿಸುತ್ತಾರೆ. ನಾವೋ ಸಂಸ್ಕೃತದಿಂದ ಬಂದ ಎರಡು ಸಮಾನಾರ್ಥಕ ಪದಗಳನ್ನು ಬೇರ್ಪಡಿಸಿ, ಮೊದಲನೆಯದಕ್ಕೆ 'ಜವ' ಎಂದೂ ಎರಡನೆಯದಕ್ಕೆ 'ವೇಗ' ಎಂದೂ ಗೊತ್ತುಮಾಡಿಕೊಂಡೆವು. ಕುಕ್ಕರಹಳ್ಳಿ ಕೆರೆಯನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಮರಳಿದವನ ಸರಾಸರಿ ಜವ ಎಷ್ಟೇ ಇರಲಿ, ಸರಾಸರಿ ವೇಗ ಸೊನ್ನೆ!

ಪದಕುಟುಂಬಕ್ಕೆ ಇನ್ನೊಂದು ಮುಖವಿದೆ. ಒಂದು ಪದ ಎಷ್ಟು ಚೆನ್ನಾಗಿದ್ದರೂ ಅದರಿಂದ ಮರಿಗಳು ಹುಟ್ಟದಿದ್ದರೆ ವಿಜ್ಞಾನಕ್ಕೆ ಪ್ರಯೋಜನವಿಲ್ಲ. 'ವಹನ' ಎಂಬ ಪದವನ್ನು ಒಪ್ಪಿಕೊಂಡುದರಿಂದ ವಾಹಕ, ವಾಹಕತೆ, ಅವಾಹಕಗಳು ತಾವಾಗಿ ದೊರೆತವು. ಟ್ರಾನ್ಸಿಸ್ಟರಿನ ಕಾಲ ಬಂದಾಗ 'ಅರೆವಾಹಕ'ವೂ, ಅತಿಶೀತದಲ್ಲಿ ರೋಧವನ್ನೇ ಕಳೆದುಕೊಳ್ಳುವ ವಸ್ತುಗಳಿಗೆ 'ಅತಿವಾಹಕ'ವೂ ಬಂದವು. 'ಅರೆ' ಕನ್ನಡ, 'ವಾಹಕ' ಸಂಸ್ಕೃತ. ಇಂತಹ ಜೋಡಣೆಯನ್ನು ಹಳೆಯ ವೈಯಾಕರಣರು ಅರಿಸಮಾಸವೆಂದು ದೂರವಿಟ್ಟರು. ಆದರೆ ಕಿವಿಗೆ ಹಿತವಾಗಿದ್ದು ಅರ್ಥವನ್ನು ಥಟ್ಟನೆ ತಿಳಿಸುವ ಪದವನ್ನು ವಿಜ್ಞಾನ ಹೇಗೆ ತಳ್ಳಿಹಾಕೀತು?

ಈ ಸಂಪತ್ತು ಒಂದೇ ದಿನದಲ್ಲಿ ಕೂಡಿದುದಲ್ಲ. ಸೆಂಟ್ರಲ್ ಕಾಲೇಜಿನ ಭೌತವಿಜ್ಞಾನದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ಬೆಂಗಳೂರಿನಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದಾಗ ಕನ್ನಡದಲ್ಲಿ ವಿಜ್ಞಾನ ಬರೆಯುವವರು ಬೆರಳೆಣಿಕೆಯಷ್ಟು. ಮುಂದೆ 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾಗಿ ಬರೆಯುವವರಿಗೆ ದೊಡ್ಡ ಆಸರೆಯಾಯಿತು.

ವಿದ್ಯಾರ್ಥಿಗಳು ಈಗ ಮಾಡಬೇಕಾದುದೇನು? ಹೊಸ ಪದವೊಂದು ಎದುರಾದಾಗ ಅದರ ನೆಂಟರನ್ನೂ ವಿಚಾರಿಸಿಕೊಳ್ಳುವುದು. ಅದರ ಏಕಮಾನ ಯಾವುದೆಂದು ಕೇಳುವುದು. ನ್ಯೂಟನ್ ಎಂದರೆ ಬಲ, ಜೌಲ್ ಎಂದರೆ ಶಕ್ತಿ, ವ್ಯಾಟ್ ಎಂದರೆ ಸಾಮರ್ಥ್ಯ. ಇಷ್ಟು ಸ್ಪಷ್ಟವಾಗಿದ್ದರೆ ಪಾಠ ಯಾವ ಭಾಷೆಯಲ್ಲಿ ನಡೆದರೂ ಅಂಜಬೇಕಾಗಿಲ್ಲ. ಕನ್ನಡದಲ್ಲಿ ಕಲಿತುದನ್ನು ಕಾಲೇಜಿನ ಬಾಗಿಲಲ್ಲೇ ಬಿಟ್ಟು ಬರಬೇಕಾದುದೂ ಇಲ್ಲ. ಎರಡು ಭಾಷೆಗಳಲ್ಲಿ ತೂಗಿ ನೋಡಿದ ಭಾವನೆಯೇ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ.