ಶರಣು ಎಂಬ ಮಾತು: ಪಂಡಿತಾ ರಮಾಬಾಯಿಯವರ ಬಾಳಿನಿಂದ

ಬೆಳಗಿನ ಹೊತ್ತು ರೇಡಿಯೋ ತಿರುಗಿಸಿದೊಡನೆ ನಮ್ಮ ಕಿವಿಗೆ ಬೀಳುವುದು ಭಕ್ತಿಗೀತೆ. ದಾಸರ ಪದವಾಗಲಿ, ಶಿವಶರಣರ ವಚನವಾಗಲಿ, ಕ್ರೈಸ್ತರ ಕೀರ್ತನೆಯಾಗಲಿ, ಎಲ್ಲಿಯೋ ಒಂದು ಕಡೆ ‘ಶರಣು’ ಎಂಬ ಮಾತು ಬಂದೇ ಬರುತ್ತದೆ. ಹಾಡು ಮುಗಿಯುತ್ತದೆ, ವಾರ್ತೆ ಪ್ರಾರಂಭವಾಗುತ್ತದೆ. ಒಲೆಯ ಮೇಲೆ ಹಾಲು ಉಕ್ಕುತ್ತದೆ, ಮಗು ಪುಸ್ತಕದ ಚೀಲ ಕಾಣದೆಂದು ಕೂಗುತ್ತದೆ. ಶರಣು ಎಂಬ ಮಾತು ಹಾಡಿನ ಸಂಗಡಲೇ ಹೊರಟುಹೋಗುತ್ತದೆ. ಹಾಡು ಮುಗಿದ ಮೇಲೂ ಆ ಮಾತನ್ನು ಬಿಡದೆ ದಿನದ ಕೆಲಸಕ್ಕೆ ಹೊರಟವರ ಬಾಳು ಹೇಗಿದ್ದೀತು ಎಂದು ನೀವು ಎಂದಾದರೂ ಯೋಚಿಸಿದ್ದೀರಾ?

ಮೊದಲು ಮಾತಿನ ಅರ್ಥವನ್ನು ನೋಡೋಣ. ‘ಶರಣ’ ಎಂಬ ಸಂಸ್ಕೃತ ಪದಕ್ಕೆ ಅಮರಕೋಶವು ಎರಡು ಅರ್ಥಗಳನ್ನು ಹೇಳುತ್ತದೆ: ಮನೆ ಎಂಬುದೊಂದು, ಕಾಪಾಡುವವನು ಎಂಬುದು ಇನ್ನೊಂದು. ಆದುದರಿಂದ ದೇವರಿಗೆ ಶರಣಾಗುವುದೆಂದರೆ ಸೋತು ಕೈಚೆಲ್ಲಿ ಕುಳಿತುಕೊಳ್ಳುವುದಲ್ಲ. ಬಿಸಿಲಲ್ಲಿ ಅಲೆದವನು ಒಂದು ಮನೆಯನ್ನು ಹೊಕ್ಕಂತೆ. ಕ್ರೈಸ್ತ ಧರ್ಮದಲ್ಲಿ ಈ ಭಾವಕ್ಕೆ ಮೂಲವಾದ ಚಿತ್ರ ಗೆತ್ಸೆಮನೆ ತೋಟದ್ದು. ಮರಣದ ಹಿಂದಿನ ರಾತ್ರಿ ಯೇಸು ಅಲ್ಲಿ ಪ್ರಾರ್ಥಿಸುತ್ತಾನೆ. ಬರಲಿರುವ ಸಂಕಟ ತಪ್ಪಿದರೆ ಒಳ್ಳೆಯದೆಂದು ಬೇಡಿ, ಕಡೆಯಲ್ಲಿ ತನ್ನ ಇಷ್ಟವನ್ನು ತಂದೆಯ ಇಷ್ಟಕ್ಕೆ ಒಪ್ಪಿಸಿಬಿಡುತ್ತಾನೆ. ಇದು ಅರ್ಧ ಮಾತ್ರ. ಹಾಗೆ ಒಪ್ಪಿಸಿಕೊಂಡವನ ನಡತೆಯಲ್ಲಿ ಅದು ಕಾಣಬೇಕು ಎಂಬುದು ಉಳಿದರ್ಧ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಪ್ರೀತಿ, ತಾಳ್ಮೆ, ದಯೆ, ಆತ್ಮಸಂಯಮ ಮೊದಲಾದ ಒಂಬತ್ತು ಗುಣಗಳನ್ನು ಹೆಸರಿಸಿ ಅವನ್ನು ‘ಫಲ’ ಎಂದು ಕರೆದಿದ್ದಾನೆ. ಫಲವು ಅಂಗಡಿಯಿಂದ ತಂದು ಮರಕ್ಕೆ ಕಟ್ಟುವ ವಸ್ತುವಲ್ಲ. ಬೇರು ನೀರಿಗೆ ತಗುಲಿದ್ದರೆ ತನ್ನ ಕಾಲಕ್ಕೆ ತಾನೇ ಬರುತ್ತದೆ.

ತತ್ತ್ವವನ್ನು ಇಷ್ಟಕ್ಕೆ ನಿಲ್ಲಿಸಿ ಒಂದು ಬಾಳನ್ನು ನೋಡುವುದು ಲೇಸು. ಅದು ನಮ್ಮ ನಾಡಿನ ಕಾಡಿನಲ್ಲಿಯೇ ಮೊದಲಾದ ಬಾಳು.

ಕಾರ್ಕಳದ ಹತ್ತಿರ, ಘಟ್ಟದ ಕೆಳಗೆ, ಮಾಳ ಎಂಬ ಊರಿದೆ. ಅಲ್ಲಿಯ ಅನಂತಶಾಸ್ತ್ರಿ ಡೋಂಗ್ರೆ ಎಂಬ ಚಿತ್ಪಾವನ ಬ್ರಾಹ್ಮಣರು ಪುಣೆಯಲ್ಲಿ ಸಂಸ್ಕೃತ ಓದಿದವರು. ಓದುವಾಗ ಪೇಶ್ವೆಯ ಮನೆಯ ಸ್ತ್ರೀಯೊಬ್ಬರು ಸಂಸ್ಕೃತ ಕಲಿಯುತ್ತಿದ್ದುದನ್ನು ಕಂಡು, ತಮ್ಮ ಹೆಂಡತಿಗೂ ಕಲಿಸಬೇಕೆಂದು ನಿಶ್ಚಯಿಸಿದರು. ಹೆಂಗಸಿಗೆ ದೇವಭಾಷೆಯೇ ಎಂದು ಊರವರು ಮುನಿದರು. ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಿಗಳು ಉತ್ತರ ಹೇಳಬೇಕಾಯಿತು. ಕೊನೆಗೆ ಅವರು ಘಟ್ಟದ ಮೇಲೆ, ತುಂಗೆ ಭದ್ರೆ ನೇತ್ರಾವತಿಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಮಾಡಿಕೊಂಡು ಹೆಂಡತಿ ಲಕ್ಷ್ಮೀಬಾಯಿಗೆ ವಿದ್ಯೆ ಕಲಿಸಿದರು. ಆ ಕಾಡಿನಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು. ಕೂಸಿಗೆ ಆರು ತಿಂಗಳಾಗುವ ವೇಳೆಗೆ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ ಕೂಸನ್ನು ಘಟ್ಟದಿಂದ ಇಳಿಸಿದರು.

ಮುಂದೆ ವರ್ಷಗಟ್ಟಲೆ ಪುರಾಣಪಠನವೇ ಆ ಸಂಸಾರದ ಜೀವನ. ತಾಯಿಯೇ ಗುರುವಾಗಿ ಮಗಳಿಗೆ ಸಂಸ್ಕೃತ ಹೇಳಿಕೊಟ್ಟಳು. ಭಾಗವತದ ಸಾವಿರಾರು ಶ್ಲೋಕ ಹುಡುಗಿಗೆ ಕಂಠಸ್ಥವಾಯಿತು. ಇದ್ದ ಹಣವೆಲ್ಲ ದಾನಧರ್ಮಕ್ಕೆ ಹೋಗಿತ್ತು. ಅಷ್ಟರಲ್ಲಿ 1870ರ ದಶಕದ ಕ್ಷಾಮ ಬಂದಿತು. ಕಾಡಿನಲ್ಲಿ ಎಲೆ ತಿಂದು, ನೀರು ಕುಡಿದು ದಿನ ಕಳೆಯಬೇಕಾಯಿತು. 1874ರಲ್ಲಿ ತಂದೆ, ಕೆಲವೇ ಕಾಲದಲ್ಲಿ ತಾಯಿ, ಬಳಿಕ ಅಕ್ಕ ತೀರಿಕೊಂಡರು. ಸಾಯುವ ಮುನ್ನ ಕಣ್ಣು ಕಾಣದ ಮುದುಕ ತಂದೆ ಕಿರಿಯ ಮಗಳನ್ನು ತಬ್ಬಿಕೊಂಡು, ನಿನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ, ನೀನು ಆತನವಳು, ಬದುಕಿರುವವರೆಗೂ ಆತನ ಸೇವೆ ಮಾಡು ಎಂಬರ್ಥದ ಮಾತನ್ನು ಹೇಳಿದರು. ಈ ಮಾತನ್ನು ರಮಾಬಾಯಿಯವರು ಮರೆಯಲಿಲ್ಲ. ಕ್ರೈಸ್ತರಾಗಿ ಅನೇಕ ವರ್ಷಗಳಾದ ಮೇಲೆ ಬರೆದ ಆತ್ಮನಿವೇದನೆಯಲ್ಲಿ ಅದನ್ನು ಕೃತಜ್ಞತೆಯಿಂದ ನೆನೆದಿದ್ದಾರೆ. ವೈಷ್ಣವ ತಂದೆಯೊಬ್ಬರು ಮಾಡಿದ ಸಮರ್ಪಣೆ ಮಗಳ ಬಾಳಿನಲ್ಲಿ ಬೇರೊಂದು ದಾರಿಯಿಂದ ಫಲಿಸಿತು.

ಉಳಿದ ಅಣ್ಣತಂಗಿಯರು ನಡೆಯುತ್ತ ನಡೆಯುತ್ತ 1878ರಲ್ಲಿ ಕಲ್ಕತ್ತೆಗೆ ಬಂದರು. ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾದ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ ತೀರಿಕೊಂಡನು. ಅದೇ ವರ್ಷ ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿಯ ಕಟ್ಟನ್ನು ಮೀರಿ ವಿವಾಹವಾಯಿತು. 1882ರಲ್ಲಿ ಕಾಲರಾ ರೋಗ ಆತನನ್ನೂ ಕೊಂಡೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ವೈಧವ್ಯ. ಮಡಿಲಲ್ಲಿ ಮನೋರಮಾ ಎಂಬ ಹಸುಗೂಸು.

ಪುಣೆಗೆ ಬಂದು ಹೆಂಗಸರಿಗಾಗಿ ಆರ್ಯ ಮಹಿಳಾ ಸಮಾಜವನ್ನು ಕಟ್ಟಿ, 1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ವಾಂಟೇಜ್ ಎಂಬ ಊರಿನ ಕ್ರೈಸ್ತ ಸನ್ಯಾಸಿನಿಯರು ಆಶ್ರಯವಿತ್ತರು. ಆ ಸೋದರಿಯರು ಲಂಡನ್ನಿನ ಫುಲಮ್‌ನಲ್ಲಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ದಾರಿ ತಪ್ಪಿದವರೆಂದು ಸಮಾಜ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಅಕ್ಕತಂಗಿಯರಂತೆ ನೋಡಿಕೊಳ್ಳುತ್ತಿದ್ದರು. ಇಂಥವರನ್ನು ಇಷ್ಟು ಪ್ರೀತಿಯಿಂದ ಏಕೆ ಕಾಣುತ್ತೀರಿ ಎಂದು ರಮಾಬಾಯಿಯವರು ಕೇಳಿದರು. ಉತ್ತರವಾಗಿ ಸೋದರಿಯೊಬ್ಬಳು, ಬಾವಿಯ ಬಳಿ ಸಮಾರ್ಯದ ಹೆಂಗಸೊಬ್ಬಳೊಡನೆ ಯೇಸು ಮಾತನಾಡಿದ ಕಥೆಯನ್ನು ಹೇಳಿದಳು. ಆಕೆ ಬೇರೆ ಕುಲದವಳು, ಊರವರ ಬಾಯಿಗೆ ಬಿದ್ದವಳು; ಆಕೆಯಿಂದಲೇ ನೀರು ಕೇಳಿ, ಆಕೆಗೇ ಯೇಸು ದೊಡ್ಡ ತತ್ತ್ವವನ್ನು ಹೇಳಿದನು. ವಾದದಲ್ಲಿ ಸೋಲದ ಪಂಡಿತೆಯ ಮನಸ್ಸು ಇಲ್ಲಿ ಕರಗಿತು. ಇದನ್ನು ಗಮನಿಸಿರಿ: ಅವರನ್ನು ಮುಟ್ಟಿದುದು ಗ್ರಂಥದ ವಾಕ್ಯ ಮಾತ್ರವಲ್ಲ, ಆ ವಾಕ್ಯದಂತೆ ನಡೆಯುತ್ತಿದ್ದ ಒಂದು ಮನೆ. 1883ರ ಸೆಪ್ಟೆಂಬರ್ 29ರಂದು ತಾಯಿಮಗಳು ದೀಕ್ಷಾಸ್ನಾನ ಪಡೆದರು.

ಆದರೆ ದೇವರಿಗೆ ಶರಣಾಗುವುದೂ ಮನುಷ್ಯರಿಗೆ ತಲೆಬಾಗುವುದೂ ಒಂದೇ ಎಂದು ಅವರು ಎಣಿಸಲಿಲ್ಲ. ಇಂಗ್ಲೆಂಡಿನಲ್ಲಿಯೂ ಸಸ್ಯಾಹಾರವನ್ನು ಬಿಡಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರವೇಕೆ, ಸಂಸ್ಕೃತವಿರಬಾರದೇ ಎಂದು ಕೇಳಿದರು. ಚರ್ಚಿನ ಹಿರಿಯರು ಹೇಳಿದರೆಂಬ ಕಾರಣಕ್ಕಾಗಿ ಯಾವ ಸಿದ್ಧಾಂತವನ್ನೂ ಒಪ್ಪಲಾರೆ, ದೇವರು ತನಗೂ ವಿವೇಕವನ್ನಿತ್ತಿದ್ದಾನೆ ಎಂದು ಪತ್ರ ಬರೆದರು. ಇದು ಅಹಂಕಾರವೆಂದು ಕೆಲವರು ನೊಂದುಕೊಂಡರು. ಒಬ್ಬ ಒಡೆಯನಿಗೆ ಪೂರ್ತಿಯಾಗಿ ಒಪ್ಪಿಸಿಕೊಂಡವರು ಹತ್ತು ಒಡೆಯರಿಗೆ ಹೆದರಬೇಕಾಗಿಲ್ಲ ಎಂದು ನನಗೆ ತೋರುತ್ತದೆ.

ಅಮೆರಿಕದಲ್ಲಿ ಸಹಾಯ ದೊರಕಿಸಿಕೊಂಡು ಬಂದು, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾಲೆ ತೆರೆದರು. ಅದಕ್ಕಿಟ್ಟ ಹೆಸರು ಶಾರದಾ ಸದನ. ಮೊದಲು ಸೇರಿದವರಲ್ಲಿ ಒಬ್ಬರಾದ ಬಾಲವಿಧವೆ ಗೋದೂಬಾಯಿ ಹಿಂದೂವಾಗಿಯೇ ಉಳಿದು, 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಶಾಲೆ ಮರುವರ್ಷ ಪುಣೆಗೆ ಬಂದಿತು.

ಈ ಕಾಲದಲ್ಲಿಯೇ, ಹೊರಗೆ ಕೀರ್ತಿ ಬೆಳೆಯುತ್ತಿದ್ದಾಗ, ರಮಾಬಾಯಿಯವರು ಒಳಗೆ ಒಂದು ಸತ್ಯವನ್ನು ಕಂಡುಕೊಂಡರು. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷಗಳಾಗಿದ್ದವು. ತನಗೆ ಕ್ರೈಸ್ತ ಧರ್ಮ ದೊರೆತಿದೆ, ಕ್ರಿಸ್ತನು ದೊರೆತಿಲ್ಲ ಎಂದು ಅವರಿಗೆ ಅರಿವಾಯಿತು. ತತ್ತ್ವವನ್ನು ಬುದ್ಧಿ ಒಪ್ಪಿತ್ತು, ಬಾಳನ್ನು ಒಪ್ಪಿಸಿರಲಿಲ್ಲ. ಜನ ತನ್ನನ್ನು ಧರ್ಮಾತ್ಮಳೆಂದು ಹೊಗಳುವಾಗ ಹೀಗೆ ತನ್ನನ್ನೇ ಪರೀಕ್ಷಿಸಿಕೊಳ್ಳುವ ಪ್ರಾಮಾಣಿಕತೆ ಎಷ್ಟು ಜನರಿಗಿದ್ದೀತು? ಶರಣಾಗತಿಯ ಮೊದಲನೆಯ ಫಲ ಇದೇ ಇರಬೇಕು.

ಪರೀಕ್ಷೆಯೂ ತಡವಾಗಲಿಲ್ಲ. ಶಾಲೆಯಲ್ಲಿ ಮತಬೋಧೆ ಮಾಡುವುದಿಲ್ಲವೆಂದು ಅವರು ಮಾತು ಕೊಟ್ಟಿದ್ದರು. ತಮ್ಮ ಕೋಣೆಯಲ್ಲಿ ಮಗಳೊಡನೆ ಪ್ರಾರ್ಥಿಸುವಾಗ ಮಾತ್ರ ಬಾಗಿಲು ಹಾಕುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕುಳಿತುಕೊಳ್ಳತೊಡಗಿದರು. ಪುಣೆಯಲ್ಲಿ ಕೋಲಾಹಲವೆದ್ದಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಹಿತೈಷಿಗಳು ಸಲಹಾಮಂಡಲಿಯನ್ನು ಬಿಟ್ಟರು. ಪೋಷಕರು ಅನೇಕ ಹುಡುಗಿಯರನ್ನು ಕರೆದೊಯ್ದರು. ಇಲ್ಲಿ ಎರಡು ಕಡೆಯ ನೋವನ್ನೂ ನಾವು ಅರಿಯಬೇಕು. ಮಕ್ಕಳನ್ನು ನಂಬಿ ಕಳುಹಿಸಿದವರ ಅಂಜಿಕೆ ಸಹಜವಾದುದು. ತನ್ನ ದೇವರನ್ನು ಬಾಗಿಲ ಹಿಂದೆ ಅಡಗಿಸಲಾರೆನೆಂಬ ತಾಯಿಯ ಹಟವೂ ಸುಳ್ಳಲ್ಲ. ಯಾರು ಸರಿ ಎಂಬ ವಿಚಾರದಲ್ಲಿ ಓದುಗರಲ್ಲಿ ಭೇದವಿರಬಹುದು. ನಷ್ಟವಾಗುವುದೆಂದು ತಿಳಿದೂ ಅವರು ಬಾಗಿಲು ಮುಚ್ಚಲಿಲ್ಲ ಎಂಬುದು ಮಾತ್ರ ಚರಿತ್ರೆ.

ಮೂರು ವರ್ಷಗಳ ಮೇಲೆ, 1896ರಲ್ಲಿ, ಮಧ್ಯಪ್ರಾಂತದಲ್ಲಿ ಕ್ಷಾಮ ತಲೆದೋರಿತು. ಹಸಿವೆಂದರೇನೆಂದು ಬಲ್ಲವರು ಅವರು. ತಾವೇ ಹೋಗಿ, ರಸ್ತೆಯ ಬದಿಯಲ್ಲಿ, ಕ್ಷಾಮದ ಗಂಜಿಕೇಂದ್ರಗಳಲ್ಲಿ ಬಿದ್ದಿದ್ದ ಹುಡುಗಿಯರನ್ನೂ ವಿಧವೆಯರನ್ನೂ ನೂರಾರು ಸಂಖ್ಯೆಯಲ್ಲಿ ಕರೆತಂದರು. ಆಗ ಪುಣೆಯಲ್ಲಿ ಪ್ಲೇಗ್. ಹೊಸಬರನ್ನು ಊರೊಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಸೋಲಾಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ ಕೇಡಗಾಂವ್ ಎಂಬಲ್ಲಿ ಕೊಂಡಿದ್ದ ಹೊಲದಲ್ಲಿ ಗುಡಿಸಲು ಹಾಕಿಸಿದರು. ಅದೇ ‘ಮುಕ್ತಿ’ ಎಂಬ ಆಶ್ರಮವಾಯಿತು. 1900ರ ಗುಜರಾತಿನ ಕ್ಷಾಮದಲ್ಲಿ ಇನ್ನೂ ನೂರಾರು ಮಂದಿ ಬಂದರು. ಪ್ಲೇಗಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ಆಗುತ್ತಿದ್ದ ಅನ್ಯಾಯವನ್ನು ಪತ್ರಿಕೆಗೆ ಬರೆದು ಸರ್ಕಾರದ ಮುನಿಸನ್ನೂ ಅವರು ಕಟ್ಟಿಕೊಂಡರು.

ಮುಕ್ತಿಯಲ್ಲಿ ಪ್ರಾರ್ಥನೆ ಎಷ್ಟಿತ್ತೋ ಕೆಲಸವೂ ಅಷ್ಟಿತ್ತು. ಬಾವಿ ತೋಡಿಸಿದರು, ಹೊಲ ಉಳಿಸಿದರು, ಹೈನು, ನೇಯ್ಗೆ, ಎಣ್ಣೆಗಾಣ, ಅಚ್ಚುಕೂಟ ಎಲ್ಲವೂ ನಡೆದವು. ಕುರುಡ ಹುಡುಗಿಯರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಲಾಯಿತು. ಎಲೆ ತಿಂದು ಬದುಕಿದ ಹುಡುಗಿ ಸಾವಿರಾರು ಮಂದಿಗೆ ಅನ್ನವಿಕ್ಕುವ ತಾಯಿಯಾದರು. ಮನೋರಮಾ ತಾಯಿಗೆ ಬಲಗೈಯಾದಳು. ನಮ್ಮ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಈ ತಾಯಿಮಗಳು ಶಾಲೆಯೊಂದನ್ನು ತೆರೆದರೆಂಬುದನ್ನು ಕನ್ನಡಿಗರು ನೆನೆಯತಕ್ಕದ್ದು.

ಇನ್ನೊಂದು ಸಮರ್ಪಣೆ ನನ್ನಂಥ ಭಾಷೆಯ ಉಪಾಧ್ಯಾಯನಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆಗ ಇದ್ದ ಮರಾಠಿ ಬೈಬಲ್ಲಿನ ಭಾಷೆ ಹಳ್ಳಿಯ ಹೆಂಗಸರಿಗೆ ತಿಳಿಯದಷ್ಟು ಬಿಗಿಯಾಗಿದೆ ಎಂದು ಅವರಿಗೆ ತೋರಿತು. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಅಭ್ಯಾಸ ಮಾಡಿ, ಮೂಲದಿಂದಲೇ ಸರಳವಾದ ಮರಾಠಿಗೆ ಅನುವಾದ ಮಾಡತೊಡಗಿದರು. ‘ಸರಸ್ವತಿ’ ಎಂದು ಬಿರುದು ಪಡೆದವರಿಗೆ ಸಂಸ್ಕೃತದ ಗಂಭೀರ ಪದಗಳೇನು ಕಡಮೆಯಾಗಿದ್ದವೇ? ಅವೆಲ್ಲವನ್ನೂ ಬದಿಗಿಟ್ಟು, ರಾಗಿ ಬೀಸುವವಳಂಥ ಹೆಂಗಸಿಗೆ ತಿಳಿಯುವ ಮಾತನ್ನು ಹುಡುಕಿದರು. ಹಣವನ್ನು ಬಿಡುವುದು ಸುಲಭ, ಪಾಂಡಿತ್ಯದ ಹೆಮ್ಮೆಯನ್ನು ಬಿಡುವುದು ಬಹಳ ಕಷ್ಟ. ಅನೇಕ ವರ್ಷಗಳ ಈ ಕೆಲಸದ ಅಚ್ಚನ್ನು ಮುಕ್ತಿಯ ಹೆಂಗಸರೇ ಜೋಡಿಸಿದರು.

1921ರ ಜುಲೈಯಲ್ಲಿ ಮನೋರಮಾ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಹೋದ ಮೇಲೆ ಉಳಿದಿದ್ದ ಒಂದೇ ಜೀವ ಅದು. ಮುದುಕಿಯಾದ ತಾಯಿ, ಕಿವಿ ಮಂದವಾಗಿದ್ದರೂ, ಅನುವಾದದ ಕೆಲಸವನ್ನು ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಕಣ್ಣು ಮುಚ್ಚಿದರು. ಅವರ ಬೈಬಲ್ 1924ರಲ್ಲಿ ಪ್ರಕಟವಾಯಿತು. ಕೇಡಗಾಂವಿನ ಮುಕ್ತಿ ಇಂದಿಗೂ ದಿಕ್ಕಿಲ್ಲದ ಹೆಂಗಸರಿಗೂ ಮಕ್ಕಳಿಗೂ ಮನೆಯಾಗಿದೆ.

ಈಗ ಅಮರಕೋಶದ ಆ ಎರಡು ಅರ್ಥಗಳನ್ನು ಮತ್ತೆ ನೆನೆಯಿರಿ. ದೇವರನ್ನು ಮನೆಯೆಂದು ಹೊಕ್ಕವರು ತಾವೇ ಇನ್ನೊಬ್ಬರಿಗೆ ಮನೆಯಾಗುತ್ತಾರೆ. ಕ್ರೈಸ್ತರು ಇದನ್ನು ವಿಶ್ವಾಸದ ಫಲವೆನ್ನುತ್ತಾರೆ. ನೀವು ಬೇರೆ ಹೆಸರಿನಿಂದ ಕರೆಯಬಹುದು. ನಮಗೆಲ್ಲರಿಗೂ ನೂರು ಎಕರೆ ಹೊಲವೂ ಹೀಬ್ರೂ ಭಾಷೆಯೂ ಬೇಕಾಗಿಲ್ಲ. ನಮ್ಮ ಮನೆಯಲ್ಲಿಯೂ ಒಬ್ಬ ವಿಧವೆ ಅತ್ತಿಗೆಯೋ, ಪಾತ್ರೆ ತೊಳೆಯಲು ಬರುವ ಹುಡುಗಿಯೋ, ಯಾರಿಗೂ ಬೇಡವಾದ ಮುದುಕರೋ ಇದ್ದಾರು. ನಾಳೆ ಬೆಳಿಗ್ಗೆ ಭಕ್ತಿಗೀತೆ ಮುಗಿದು ರೇಡಿಯೋ ನಿಲ್ಲಿಸುವಾಗ, ನಮ್ಮ ಮನೆ ಅವರಿಗೂ ಮನೆಯಾಗಿದೆಯೇ ಎಂದು ಒಮ್ಮೆ ಸುತ್ತ ನೋಡಿರಿ.