ಬಸುರಿಯ ತಟ್ಟೆಗೆ ಯಾವ ಚಟ್ನಿ?

ಬಸುರಿಗೆ ಬಾಯಿರುಚಿ ಕೆಡುತ್ತದೆ. ಅನ್ನ ಕಂಡರೆ ಓಕರಿಕೆ. ಸಾರಿನ ಒಗ್ಗರಣೆ ವಾಸನೆಗೇ ಹೊಟ್ಟೆ ತೊಳಸುತ್ತದೆ. ಆದರೆ ಚಟ್ನಿ ಅಂದರೆ ಬಾಯಲ್ಲಿ ನೀರು ಬರುತ್ತದೆ. ಹುಳಿ, ಉಪ್ಪು, ಖಾರ ಮೂರೂ ಅದರಲ್ಲಿ ಇರುತ್ತಲ್ಲ! ಚಟ್ನಿ ಇದ್ದರೆ ಎರಡು ರೊಟ್ಟಿ ಒಳಗೆ ಹೋಗುತ್ತೆ. ಮುದ್ದೆಯೂ ಇಳಿಯುತ್ತೆ.

ಹಾಗಾದರೆ ಬಸುರಿ ಚಟ್ನಿ ತಿನ್ನಬಹುದೇ? ತಿನ್ನಬಹುದು. ಬಸುರಿ ಹೊಟ್ಟೆ ತುಂಬ ಉಣ್ಣಬೇಕು. ಊಟ ಸೇರುವಂತೆ ಮಾಡುವ ಚಟ್ನಿಯನ್ನು ಯಾಕೆ ಬೇಡ ಅನ್ನಬೇಕು?

ಆದರೆ ಎರಡು ಪ್ರಶ್ನೆ ಕೇಳಬೇಕು. ಈ ಚಟ್ನಿ ಅರೆದದ್ದು ಯಾವಾಗ? ಅರೆಯಲು ಹಾಕಿದ ನೀರು ಯಾವುದು?

ನಮ್ಮ ಹಿರಿಯರು ಬಸುರಿಗೆ ನೂರೆಂಟು ಪಥ್ಯ ಹೇಳುತ್ತಾರೆ. ಎಳ್ಳು ತಿನ್ನಬೇಡ, ಪರಂಗಿ ಹಣ್ಣು ಮುಟ್ಟಬೇಡ, ಜಾಸ್ತಿ ಉಂಡರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ. ಹೀಗೆ ಹೇಳುವವರು ಮೇಲಿನ ಎರಡು ಪ್ರಶ್ನೆ ಮಾತ್ರ ಕೇಳುವುದಿಲ್ಲ. ಪರಂಗಿ ಕಾಯಿ ಬೇಡ, ಅದರಲ್ಲಿ ಹಾಲು ಇರುತ್ತದೆ. ಚೆನ್ನಾಗಿ ಮಾಗಿದ ಹಣ್ಣು ತಿಂದರೆ ತೊಂದರೆಯಿಲ್ಲ. ಎಳ್ಳಿನ ಚಟ್ನಿಯೂ ಒಳ್ಳೆಯದೇ. ಕಡಿಮೆ ಉಂಡರೆ ಮಾತ್ರ ತಾಯಿಗೆ ರಕ್ತ ಕಡಿಮೆಯಾಗುತ್ತದೆ, ಮಗು ಸೊರಗುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಅರೆದದ್ದು ಯಾವಾಗ?

ಸಾರು ಕುದಿಯುತ್ತದೆ. ಪಲ್ಯ ಬೇಯುತ್ತದೆ. ಕಾಯಿ ಚಟ್ನಿ ಕುದಿಯುವುದೂ ಇಲ್ಲ, ಬೇಯುವುದೂ ಇಲ್ಲ. ಹಸಿ ಕಾಯಿ, ಹಸಿ ಮೆಣಸಿನಕಾಯಿ, ಕೊತ್ತಂಬರಿ, ನೀರು ಹಾಕಿ ಅರೆದರೆ ಮುಗಿಯಿತು. ಸೊಪ್ಪಿನ ಮೇಲಿನ ಮಣ್ಣು, ಕೈಯ ಕೊಳೆ, ಒರಳಿನ ಸಂದಿಯಲ್ಲಿ ಉಳಿದ ನಿನ್ನೆಯ ಚೂರು, ಎಲ್ಲವೂ ಅದರಲ್ಲಿ ಸೇರಿ ಒಂದಾಗುತ್ತವೆ. "ಮೇಲೆ ಒಗ್ಗರಣೆ ಹಾಕ್ತೀವಲ್ಲ?" ಅನ್ನಬಹುದು. ಒಗ್ಗರಣೆಯ ಬಿಸಿ ಮೇಲೇ ನಿಲ್ಲುತ್ತದೆ. ತಳದ ಚಟ್ನಿಗೆ ತಾಗುವುದಿಲ್ಲ.

ರೋಗಾಣು ಕಣ್ಣಿಗೆ ಕಾಣುವುದಿಲ್ಲ. ಆದರೆ ಅದಕ್ಕೂ ಊಟ ಬೇಕು, ನೀರು ಬೇಕು, ಬೆಚ್ಚಗಿನ ಜಾಗ ಬೇಕು. ಕಾಯಿ ಚಟ್ನಿಯಲ್ಲಿ ಈ ಮೂರೂ ಇವೆ. ಅನುಕೂಲ ಸಿಕ್ಕರೆ ಒಂದು ರೋಗಾಣು ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ನಾಲ್ಕು ಎಂಟಾಗುತ್ತದೆ.

ಪೆನ್ಸಿಲ್ ತೆಗೆದುಕೊಳ್ಳಿ. ಲೆಕ್ಕ ಹಾಕಿ ನೋಡಿ. ಒಂದು ಗಂಟೆಗೆ 8 ಆಯಿತು. ಎರಡು ಗಂಟೆಗೆ 64. ಮೂರು ಗಂಟೆಗೆ 512. ನಾಲ್ಕು ಗಂಟೆಗೆ 4,096. ಬೆಳಿಗ್ಗೆ ಆರಕ್ಕೆ ಅರೆದ ಚಟ್ನಿಯನ್ನು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಿರಿ. ಮಧ್ಯಾಹ್ನ ಒಂದಕ್ಕೆ ಬುತ್ತಿ ಬಿಚ್ಚಿದಿರಿ. ಏಳು ಗಂಟೆ ಆಯಿತು. ಒಂದು ರೋಗಾಣು 20 ಲಕ್ಷ ದಾಟಿರುತ್ತದೆ! ಬಿಸಿಲಲ್ಲಿ ಇಟ್ಟ ಬುತ್ತಿ ಎಂದರೆ ಅದಕ್ಕೆ ಹಬ್ಬ.

ಅದಕ್ಕೇ ಎರಡು ಗಂಟೆಯ ಲೆಕ್ಕ ನೆನಪಿಡಿ. ಅರೆದು ಎರಡು ಗಂಟೆಯೊಳಗೆ ತಿಂದು ಮುಗಿಸಬೇಕು.

ಆದರೆ ಮನೆಯಲ್ಲಿ ಆಗುವುದೇ ಬೇರೆ.

"ಬೆಳಿಗ್ಗೆ ಅರೆದ ಚಟ್ನಿ ಇನ್ನೂ ಇಷ್ಟಿದೆ. ಚೆಲ್ಲೋದ್ಯಾಕೆ, ನೀನೇ ಹಾಕ್ಕೊಂಡು ಉಣ್ಣಮ್ಮ" ಅನ್ನುತ್ತಾರೆ ಅತ್ತೆ.

"ಬೇಡ ಅತ್ತೆ, ಹೊತ್ತಾಗಿದೆ."

"ಹಳಸಿಲ್ಲ ಕಣೆ. ನಾನು ಮೂಸಿ ನೋಡಿದೀನಿ."

ಅತ್ತೆ ಹೇಳಿದ್ದು ಸುಳ್ಳಲ್ಲ. ಹಳಸಿದ ವಾಸನೆ ಬಂದಿಲ್ಲ. ಆದರೆ ಚಟ್ನಿ ಹಳಸುವಂತೆ ಮಾಡುವ ಅಣುಜೀವಿ ಬೇರೆ, ಮನುಷ್ಯರಿಗೆ ಕಾಯಿಲೆ ತರುವ ರೋಗಾಣು ಬೇರೆ. ಕಾಯಿಲೆ ತರುವ ರೋಗಾಣು ಲಕ್ಷಗಟ್ಟಲೆ ಇದ್ದರೂ ವಾಸನೆ ಬರದೆ ಇರಬಹುದು, ರುಚಿಯೂ ಕೆಡದೆ ಇರಬಹುದು. ಮೂಗನ್ನು ನಂಬಬೇಡಿ. ಗಡಿಯಾರ ನೋಡಿ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಎಷ್ಟೋ ಮನೆಗಳಲ್ಲಿ ಮಾವ, ಗಂಡ, ಮೈದುನ, ಮಕ್ಕಳು ಎಲ್ಲರ ಊಟ ಆದ ಮೇಲೆ ಸೊಸೆಯ ಊಟ. ಅಷ್ಟು ಹೊತ್ತಿಗೆ ತಳದಲ್ಲಿ ಉಳಿದದ್ದು ಅವಳ ಪಾಲಿಗೆ. ತಂಗಳೂ ಅವಳಿಗೇ. ಮನೆಯಲ್ಲಿ ಎಲ್ಲರಿಗಿಂತ ತಾಜಾ ಊಟ ಬೇಕಾದವಳು ಬಸುರಿ. ಎಲ್ಲರಿಗಿಂತ ಹಳೆಯದು ಸಿಗುವುದೂ ಅವಳಿಗೇ. ಇದು ಯಾವ ನ್ಯಾಯ? ಸೀಮಂತದ ದಿನ ಹೂ ಮುಡಿಸಿ ಆರತಿ ಎತ್ತಿದರೆ ಸಾಲದು. ಮಿಕ್ಕ ದಿನಗಳಲ್ಲೂ ಅವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಬೇಕು. ಉಳಿದದ್ದನ್ನು ಹಸುವಿಗೆ ಹಾಕಿ. ನಾಳೆಗೆ ಕಡಿಮೆ ಅರೆಯಿರಿ.

ಬಸುರಿಗೇ ಯಾಕೆ ಇಷ್ಟು ಎಚ್ಚರ? ಹೊಟ್ಟೆಯಲ್ಲಿರುವ ಮಗುವಿನಲ್ಲಿ ತಂದೆಯ ಅಂಶವೂ ಇದೆ. ತಾಯಿಯ ದೇಹ ಅದನ್ನು ಹೊರಗಿನದು ಎಂದು ತಳ್ಳಬಾರದು. ಅದಕ್ಕಾಗಿ ಕೆಲವು ರೋಗಗಳ ಮೇಲಿನ ಕಾವಲನ್ನು ದೇಹವೇ ಸ್ವಲ್ಪ ಸಡಿಲ ಮಾಡಿಕೊಳ್ಳುತ್ತದೆ. ಆ ಸಂದಿನಲ್ಲಿ ರೋಗ ನುಗ್ಗುತ್ತದೆ.

ಇನ್ನು ಎರಡನೆಯ ಪ್ರಶ್ನೆ. ನೀರು ಯಾವುದು?

ಕುಡಿಯುವ ನೀರನ್ನು ಕಾಯಿಸುವ ಮನೆಯಲ್ಲೂ ಚಟ್ನಿಗೆ ಹಾಕುವುದು ನಲ್ಲಿಯ ನೀರನ್ನೇ. ಕುಡಿದರೂ ತಿಂದರೂ ನೀರು ಹೋಗುವುದು ಅದೇ ಹೊಟ್ಟೆಗೆ. ಮಲ ಸೇರಿದ ನೀರಿನಿಂದ ಒಂದು ಬಗೆಯ ಕಾಮಾಲೆ ಬರುತ್ತದೆ. ಅದರ ಹೆಸರು ಹೆಪಟೈಟಿಸ್ ಇ. 1955-56ರಲ್ಲಿ ದೆಹಲಿಯಲ್ಲಿ ಯಮುನಾ ನದಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿತು. 29 ಸಾವಿರಕ್ಕೂ ಹೆಚ್ಚು ಜನಕ್ಕೆ ಕಾಮಾಲೆ ಬಂತು. ಅದು ಈ ಜಾತಿಯ ಕಾಮಾಲೆ ಎಂದು ತಿಳಿದದ್ದು ಎಷ್ಟೋ ವರ್ಷ ಕಳೆದ ಮೇಲೆ.

ಬೇರೆಯವರಿಗೆ ಈ ಕಾಮಾಲೆ ಬಂದರೆ ಕೆಲವು ವಾರ ಸುಸ್ತಾಗಿ, ಹೆಚ್ಚಿನವರಿಗೆ ವಾಸಿಯಾಗುತ್ತದೆ. ಬಸುರಿಗೆ ಹಾಗಲ್ಲ. ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20ರಿಂದ 25 ತಾಯಂದಿರು ಸಾಯುವಷ್ಟು ಅಪಾಯ. ಹಾಗಾಗಿ ನೀರನ್ನು ಗುಳ್ಳೆ ಎದ್ದು ಮರಳುವ ತನಕ ಕುದಿಸಿ. ಆರಿಸಿ, ಮುಚ್ಚಿಡಿ. ಚಟ್ನಿಗೂ ಮಜ್ಜಿಗೆಗೂ ಆ ನೀರನ್ನೇ ಹಾಕಿ. ಮನೆಯ ಹೊರಗೆ ಪಾನಿಪೂರಿ ತಿನ್ನುವ ಆಸೆಯಾದರೆ ಹೆರಿಗೆ ಆಗುವ ತನಕ ತಡೆದುಕೊಳ್ಳಿ. ಆ ಪಾನಿ ಎಲ್ಲಿಯದೋ ಯಾರಿಗೆ ಗೊತ್ತು? ಹೋಟೆಲಿಗೆ ಹೋದರೆ ಇಡ್ಲಿಗೆ ಕುದಿಯುವ ಸಾಂಬಾರ್ ಕೇಳಿ. ಬಕೆಟ್ಟಿನಲ್ಲಿ ಬೆಳಗಿನಿಂದ ಇಟ್ಟ ಚಟ್ನಿ ಬೇಡ.

ಹೊಲಕ್ಕೆ ಬುತ್ತಿ ಕಟ್ಟುವವರು ಏನು ಮಾಡಬೇಕು? ಇದಕ್ಕೆ ಉತ್ತರ ನಮ್ಮ ಉತ್ತರ ಕರ್ನಾಟಕದ ಅಡಿಗೆ ಮನೆಯಲ್ಲೇ ಇದೆ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಹುರಿದು, ಕುಟ್ಟಿ, ಡಬ್ಬಿಗೆ ತುಂಬಿದ ಒಣ ಚಟ್ನಿ. ಹುರಿದಾಗ ರೋಗಾಣು ಸಾಯುತ್ತದೆ. ನೀರಿಲ್ಲದ ಕಡೆ ಅದು ಬೆಳೆಯುವುದೂ ಇಲ್ಲ. ಏಳು ಗಂಟೆ ಅಲ್ಲ, ಎಷ್ಟೋ ದಿನ ಇಟ್ಟರೂ ತಿನ್ನಬಹುದು. ಒದ್ದೆ ಚಮಚ ಮಾತ್ರ ಹಾಕಬೇಡಿ. ಶೇಂಗಾ ಆರಿಸುವಾಗ ಬೂಸ್ಟು ಹಿಡಿದ ಕಾಳು ಕಂಡರೆ ಎಸೆಯಿರಿ. ಆ ಬೂಸ್ಟಿನಲ್ಲಿ ವಿಷ ಇರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಹಿಂಡಿಗೆ ಮೊಸರು ಬೇಕಾದರೆ ಊಟದ ಹೊತ್ತಿಗೆ ಕಲಸಿಕೊಳ್ಳಿ.

ಬಯಲುಸೀಮೆಯವರು ಹುಣಸೆ ಹುಳಿ ಹಾಕಿ ಚೆನ್ನಾಗಿ ಕುದಿಸಿದ ಟೊಮೆಟೊ ಗೊಜ್ಜು ಒಯ್ಯಬಹುದು. ಕಾಯಿ ಚಟ್ನಿಗಿಂತ ಅದು ವಾಸಿ. ಆದರೆ ಅದನ್ನೂ ನಾಳೆಗೆ ಇಡಬೇಡಿ. ಮಲೆನಾಡಿನ ತಂಬುಳಿಗೆ ಸೊಪ್ಪನ್ನು ತೊಳೆದು, ಬಾಡಿಸಿ ಅರೆಯಿರಿ. ಕೋಸಂಬರಿಯ ಹಸಿ ಬೇಳೆ, ಹಸಿ ಮೊಳಕೆ ಕಾಳು ಬಸುರಿಗೆ ಬೇಡ. ಮೊಳಕೆ ಕಾಳನ್ನು ಬೇಯಿಸಿ ಕೊಡಿ.

"ನಮ್ಮ ಮನೇಲಿ ಫ್ರಿಜ್ ಇದೆ, ಕೆಡಲ್ಲ" ಅನ್ನುವವರೂ ಈಗ ಹಳ್ಳಿಯಲ್ಲೇ ಇದ್ದಾರೆ. ಫ್ರಿಜ್‌ನ ತಣ್ಣಗೆ ಹೆಚ್ಚಿನ ರೋಗಾಣುಗಳ ಬೆಳವಣಿಗೆ ನಿಧಾನವಾಗುತ್ತದೆ, ನಿಜ. ಆದರೆ ಲಿಸ್ಟೀರಿಯಾ ಎಂಬುದೊಂದಿದೆ. ಅದು ಫ್ರಿಜ್‌ನೊಳಗೂ ಬೆಳೆಯುತ್ತದೆ. ತಾಯಿಗೆ ಸ್ವಲ್ಪ ಜ್ವರ, ಮೈಕೈ ನೋವು ಬರುತ್ತದೆ, ಅಷ್ಟೇ. ಹೊಟ್ಟೆಯೊಳಗಿನ ಮಗು ಮಾತ್ರ ಸತ್ತೇ ಹೋಗಬಹುದು. 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಊರಿನ ಸುತ್ತ ಹೀಗಾಯಿತು. ಹಸಿ ಹಾಲು ಬೆರೆತಿದ್ದ ಮೆತ್ತನೆಯ ಚೀಸ್ ತಿಂದು ಜನರಿಗೆ ಈ ರೋಗ ತಗುಲಿತು. ಪತ್ತೆಯಾದದ್ದು 142 ಪ್ರಕರಣ. ಅದರಲ್ಲಿ 93 ಪ್ರಕರಣ ಬಸುರಿಯರದು ಮತ್ತು ಅವರ ಕೂಸುಗಳದು. ಹೊಟ್ಟೆಯಲ್ಲೇ 20 ಮಕ್ಕಳು ಹೋದವು. ಹುಟ್ಟಿದ ಮೇಲೆ 10 ಹೋದವು. ಅಷ್ಟು ದೊಡ್ಡ ಊರು, ಮನೆಮನೆಗೂ ಫ್ರಿಜ್ ಇರುವ ಊರು ಅದು.

ಆದ್ದರಿಂದ ಹಾಲನ್ನು ಉಕ್ಕುವ ತನಕ ಕಾಯಿಸಿ, ಆಮೇಲೆ ಹೆಪ್ಪು ಹಾಕಿ. ಮೊಸರು ಬಜ್ಜಿಗೆ ಆ ಮೊಸರನ್ನೇ ಬಳಸಿ. ಕರೆದ ಹಾಲನ್ನು ಹಾಗೇ ಕುಡಿಯಬೇಡಿ. ಪಟ್ಟಣದಲ್ಲಿ ಮೋಮೋ, ಕಬಾಬ್ ಜೊತೆ ಬೆಳ್ಳಗಿನ ಮೇಯನೇಸ್ ಕೊಡುತ್ತಾರೆ. ಹಸಿ ಮೊಟ್ಟೆಯಲ್ಲಿ ಮಾಡಿದ್ದಾದರೆ ಬಸುರಿ ಮುಟ್ಟಬಾರದು. ಇಂಥ ಮೇಯನೇಸ್ ತಿಂದು ಜನ ಕಾಯಿಲೆ ಬಿದ್ದದ್ದರಿಂದ ತೆಲಂಗಾಣ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ಅದನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿತ್ತು.

ಅರೆಯುವವರ ಕೈ ಸೋಪಿನಲ್ಲಿ ತೊಳೆದಿರಬೇಕು. ಬೆರಳಲ್ಲಿ ಗಾಯ, ಕೀವು ಇದ್ದರೆ ಬೇರೆಯವರು ಅರೆಯಲಿ. ಮಿಕ್ಸಿ ಜಾರಿನ ಬ್ಲೇಡಿನ ಅಡಿಯಲ್ಲಿ ಬೆರಳು ಹೋಗುವುದಿಲ್ಲ. ಹಳೆಯ ಚಟ್ನಿ ಅಲ್ಲೇ ಅಡಗಿರುತ್ತದೆ. ಸೋಪಿನ ನೀರು ಹಾಕಿ ಒಮ್ಮೆ ತಿರುಗಿಸಿ, ತೊಳೆದು, ಬೋರಲು ಹಾಕಿ ಒಣಗಿಸಿ. ಮಾಂಸ ಹೆಚ್ಚಿದ ಈಳಿಗೆಯನ್ನು ಸೋಪು ಹಾಕಿ ತೊಳೆಯದೆ ಕೊತ್ತಂಬರಿ ಹೆಚ್ಚಬೇಡಿ.

ಇಷ್ಟಾದರೂ ಭೇದಿ ಶುರುವಾದರೆ ಏನು ಮಾಡಬೇಕು? ಆಶಾ ಕಾರ್ಯಕರ್ತೆಯ ಹತ್ತಿರ ಓಆರ್‌ಎಸ್ ಪೊಟ್ಟಣ ಇರುತ್ತದೆ. ಸಿಗದಿದ್ದರೆ ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಸ್ವಲ್ಪ ಸ್ವಲ್ಪವೇ ಕುಡಿಸುತ್ತಿರಿ. ಅಂಗಡಿ ಮಾತ್ರೆ ನುಂಗಬೇಡಿ. ಜ್ವರ ಬಂದರೆ, ಕಣ್ಣು ಹಳದಿಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ, ಭೇದಿಯಲ್ಲಿ ರಕ್ತ ಬಿದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ. ಮಗು ಅಲುಗಾಡುವುದು ಕಡಿಮೆಯಾದರೆ, ಕೆಳಗೆ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ. "ಬೆಳಗಾಗಲಿ ನೋಡೋಣ" ಎಂದು ಯಾರಾದರೂ ಹೇಳಿದರೂ ಕೇಳಬೇಡಿ. 108ಕ್ಕೆ ಫೋನ್ ಮಾಡಿ. ಆ ಗಾಡಿಗೆ ದುಡ್ಡು ಕೊಡಬೇಕಾಗಿಲ್ಲ. ಹೋಗುವಾಗ ತಾಯಿ ಕಾರ್ಡು ತೆಗೆದುಕೊಂಡು ಹೋಗಿ. ಏನು ತಿಂದಿರಿ, ಯಾವಾಗ ತಿಂದಿರಿ ಎಂದು ಡಾಕ್ಟರಿಗೆ ಹೇಳಿ.